ವಾರಕ್ಕೆ ಅರ್ಧ ಕಿಲೋ

ನಮ್ಮ ಭಾವನ ಹೊಟ್ಟೆಗೂ ಅವರ ಔಷಧಿ ಅಂಗಡಿಯ ಕೌಂಟರಿಗೂ ನಡುವೆ ಒಂದು ಒಪ್ಪಂದವಿತ್ತು. ಭಾವ ಸ್ಟೂಲಿನ ಮೇಲೆ ಕೂತರೆ ಹೊಟ್ಟೆ ಕೌಂಟರಿನ ಹಿಂದೆ ಮರೆಯಾಗುತ್ತಿತ್ತು. ಗಿರಾಕಿಗಳಿಗೆ ಕಾಣುತ್ತಿದ್ದದ್ದು ಬಿಳಿ ಕೋಟು, ಕನ್ನಡಕ ಮತ್ತು ಉಪದೇಶ. ಆದ್ದರಿಂದ ತೂಕ ಇಳಿಸುವ ಬಗ್ಗೆ ಯಾರಾದರೂ ಕೇಳಿದರೆ ಭಾವ ಅಪ್ಪಿತಪ್ಪಿಯೂ ಎದ್ದು ನಿಲ್ಲುತ್ತಿರಲಿಲ್ಲ. ಕೂತಲ್ಲಿಂದಲೇ ಹೇಳುತ್ತಿದ್ದರು: "ವಾರಕ್ಕೆ ಅರ್ಧ ಕಿಲೋ. ಅದಕ್ಕಿಂತ ಜಾಸ್ತಿ ಇಳಿದ್ರೆ ಇಳಿದಿದ್ದು ಕೊಬ್ಬಲ್ಲ, ಬುದ್ಧಿ."

ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ಬೀದಿಯವರು ಅವರ ಹೆಸರನ್ನೇ ಮರೆತು 'ಅರ್ಧ ಕಿಲೋ' ಎಂದು ಕರೆಯತೊಡಗಿದ್ದರು. ನೂರು ಕಿಲೋದ ಆಸಾಮಿಗೆ ಅರ್ಧ ಕಿಲೋ ಎಂದು ಹೆಸರಿಡುವುದಕ್ಕೆ ನಮ್ಮ ಬೀದಿಯೇ ಬೇಕು.

ನಾನು ಅವರ ಹೆಂಡತಿಯ ತಮ್ಮ. ಪಕ್ಕದಲ್ಲೇ ನನ್ನ ಹೊಲಿಗೆ ಅಂಗಡಿ. ಎರಡು ಅಂಗಡಿಗಳಿಗೂ ನಡುವೆ ಇರುವುದು ಬರೀ ಹಲಗೆಯ ಗೋಡೆ. ಆ ಕಡೆ ಭಾವ ಕೆಮ್ಮಿದರೆ ಈ ಕಡೆ ನನ್ನ ಹೊಲಿಗೆ ಸೊಟ್ಟಗಾಗುತ್ತದೆ. ಅವರ ಉಪದೇಶವನ್ನು ಪೂರ್ತಿ ಕೇಳಿದವನು ಈ ಬೀದಿಯಲ್ಲಿ ನಾನೊಬ್ಬನೇ, ಅದೂ ಬೇರೆ ದಾರಿಯಿಲ್ಲದೆ. ಉಪದೇಶದಿಂದ ನನಗೇನೂ ಲಾಭವಿರಲಿಲ್ಲ. ಜನ ಅದನ್ನು ಕೇಳದೆ ಹೋಗುತ್ತಿದ್ದದ್ದರಿಂದ ಇತ್ತು. ಯಾರಾದರೂ ಹೊಸ ಪಥ್ಯ ಹಿಡಿದರೆ ಬಟ್ಟೆ ಬಿಗಿ ಮಾಡಿಸಲು ನನ್ನ ಬಳಿ ಬರುತ್ತಾರೆ, ಪಥ್ಯ ಬಿಟ್ಟ ಮೇಲೆ ಸಡಿಲ ಮಾಡಿಸಲು ಮತ್ತೆ ಬರುತ್ತಾರೆ. ಹಾಗಾಗಿ ನಾನು ಬಿಗಿ ಮಾಡುವಾಗ ಹೆಚ್ಚಿನ ಬಟ್ಟೆಯನ್ನು ಕತ್ತರಿಸುವುದಿಲ್ಲ, ಒಳಗೆ ಮಡಚಿ ಹೊಲಿದಿಡುತ್ತೇನೆ. ಮನುಷ್ಯ ತನ್ನ ಹಳೆಯ ಅಳತೆಗೆ ವಾಪಸು ಬಂದೇ ಬರುತ್ತಾನೆ.

ಭಾವನನ್ನು ಎಷ್ಟೇ ಆಡಿಕೊಂಡರೂ ಒಂದು ಮಾತು ಒಪ್ಪಬೇಕು. ಅವರು ಹೇಳುತ್ತಿದ್ದದ್ದರಲ್ಲಿ ತಪ್ಪಿರಲಿಲ್ಲ. ಒಮ್ಮೆ ಒಬ್ಬ ಹುಡುಗಿ ಬಂದು, ಶನಿವಾರ ಫೋಟೋ ತೆಗೆಸಿಕೊಳ್ಳಬೇಕು, ಅಷ್ಟರಲ್ಲಿ ಮುಖ ಸಣ್ಣಗಾಗುವ ಮಾತ್ರೆ ಕೊಡಿ ಎಂದಳು. ಅವಳ ಗೆಳತಿ ಯಾವುದೋ ಮಾತ್ರೆಯ ಹೆಸರು ಬರೆದುಕೊಟ್ಟಿದ್ದಳಂತೆ.

"ಇದು ಮೈಯಲ್ಲಿರೋ ನೀರು ಹೊರಗೆ ಹಾಕೋ ಮಾತ್ರೆ ಕಣಮ್ಮ" ಎಂದರು ಭಾವ. "ಡಾಕ್ಟ್ರು ಬರೆದುಕೊಟ್ಟೋರಿಗೆ ಮಾತ್ರ. ನೀರು ಹೋಗತ್ತೆ, ಜೊತೆಗೆ ಉಪ್ಪೂ ಹೋಗತ್ತೆ, ತಲೆ ಸುತ್ತತ್ತೆ. ಭಾನುವಾರ ಎರಡು ಲೋಟ ನೀರು ಕುಡಿದ್ರೆ ಹೋದ ತೂಕ ಮನೆ ಬಾಗ್ಲಲ್ಲೇ ನಿಂತಿರತ್ತೆ."

"ಫೋಟೋ ಶನಿವಾರಾನೇ ಅಲ್ವಾ?" ಎಂದಳು ಹುಡುಗಿ.

ಇನ್ನೊಬ್ಬಳು ತನ್ನ ಅತ್ತಿಗೆಯ ಥೈರಾಯ್ಡ್ ಮಾತ್ರೆಯ ಖಾಲಿ ಪಟ್ಟಿ ಹಿಡಿದು ಬಂದಿದ್ದಳು. ಅತ್ತಿಗೆ ಸಣ್ಣಗಾಗುತ್ತಿದ್ದಾಳೆ, ತನಗೂ ಅದೇ ಬೇಕು. "ನಿಮ್ಮ ಅತ್ತಿಗೆಗೆ ಕಾಯಿಲೆ ಇದೆ, ಅದಕ್ಕೆ ಮಾತ್ರೆ. ನಿಮಗೆ ಕಾಯಿಲೆ ಇಲ್ಲ. ಮಾತ್ರೆ ತಗೊಂಡ್ರೆ ಬರತ್ತೆ, ಎದೆ ನಗಾರಿ ಹೊಡೆಯತ್ತೆ" ಎಂದು ಭಾವ ಕಳಿಸಿಕೊಟ್ಟರು. ಹದಿನೈದು ದಿನ ಎಲೆಕೋಸಿನ ಸೂಪನ್ನೇ ಕುಡಿದಿದ್ದ ಬಸ್ ಚಾಲಕನೊಬ್ಬ ಮೆಟ್ಟಿಲು ಹತ್ತುವಾಗ ಕಣ್ಣಿಗೆ ಕತ್ತಲೆ ಕವಿಯುತ್ತದೆ ಎಂದು ಬಂದ. ಅವನಿಗೆ ಭಾವ ತಮ್ಮ ಡಬ್ಬಿಯಲ್ಲಿದ್ದ ಬ್ರೆಡ್ಡು, ಮೊಟ್ಟೆ ತಿನ್ನಿಸಿ, "ಬಸ್ಸಲ್ಲಿ ನೀನೊಬ್ನೇ ಇರಲ್ಲ ಕಣಯ್ಯ" ಎಂದು ಬೈದರು.

ಭಾವನಿಗೆ ಒಂದು ಪದ್ಧತಿಯಿತ್ತು. ಪಥ್ಯದ ಮಾತೆತ್ತಿದ ಯಾರನ್ನೇ ಆಗಲಿ, ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಈಗ ಯಾವ ಮಾತ್ರೆ ತಗೊಳ್ತಿದ್ದೀರಿ?" ಅದಕ್ಕೆ ಉತ್ತರ ಬಂದ ಮೇಲೆಯೇ ಮುಂದಿನ ಮಾತು. ಮಾತ್ರೆ ಕೊಡುವಾಗಲೂ ಹಾಗೆಯೇ. ಸಣ್ಣ ಕಾಗದದ ಲಕೋಟೆಗೆ ಹಾಕಿ, ಮೇಲೆ ದಪ್ಪ ಪೆನ್ನಿನಲ್ಲಿ 'ತಿಂಡಿ ತಿಂದ ಮೇಲೆ' ಎಂದೋ 'ಊಟದ ಜೊತೆ' ಎಂದೋ ಬರೆದು, ಬಾಯಲ್ಲಿ ಹೇಳಿ, ಆಮೇಲೆ ಗಿರಾಕಿಯ ಬಾಯಲ್ಲೂ ಅದನ್ನು ಹೇಳಿಸುತ್ತಿದ್ದರು. "ಈಗ ನೀವು ಹೇಳಿ ನೋಡೋಣ?" ಹಲ್ಲಿಲ್ಲದ ಅಜ್ಜಂದಿರು, ಮೀಸೆ ತಿರುವುವ ಪೊಲೀಸಿನವರು, ಎಲ್ಲರೂ ಮಕ್ಕಳ ಹಾಗೆ ನಿಂತು ಪಾಠ ಒಪ್ಪಿಸಿ ಹೋಗುತ್ತಿದ್ದರು.

ಒಬ್ಬರನ್ನು ಬಿಟ್ಟು. ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಒಂದು ಮಾತ್ರೆ. ರಕ್ತದ ಸಕ್ಕರೆಯನ್ನು ಎಳೆದು ಕೆಳಗಿಳಿಸುವ ಮಾತ್ರೆ ಅದು, ತಿಂಡಿಯ ಜೊತೆಗೇ ತೆಗೆದುಕೊಳ್ಳಬೇಕು. ತಿಂಡಿ ತಿನ್ನದೆ ನುಂಗಿದರೆ ಇಳಿಸುವುದಕ್ಕೆ ಹೊಟ್ಟೆಯಲ್ಲಿ ಏನೂ ಇಲ್ಲದೆ, ಇದ್ದಬದ್ದ ಸಕ್ಕರೆಯನ್ನೂ ಬಳಿದುಬಿಡುತ್ತದೆ. ಆ ಮಾತ್ರೆಯನ್ನು ಭಾವ ಅಂಗಡಿಯಿಂದ ಹಾಗೇ ಕೋಟಿನ ಜೇಬಿಗೆ ಹಾಕಿಕೊಂಡು ಹೋಗಿ, ಮನೆಯಲ್ಲಿ ಬೀಗದ ಕೈ, ಚಿಲ್ಲರೆಗಳ ಜೊತೆ ಮೇಜಿನ ಮೇಲೆ ಇಡುತ್ತಿದ್ದರು. ಲಕೋಟೆಯಿಲ್ಲ, ದಪ್ಪ ಪೆನ್ನಿಲ್ಲ, ಒಪ್ಪಿಸುವ ಪಾಠವಿಲ್ಲ. "ತಪ್ಪಿಸ್ಬೇಡ" ಎಂದಷ್ಟೇ ಹೇಳುತ್ತಿದ್ದರು, ಅದೂ ಸಾಕ್ಸು ಬಿಚ್ಚುತ್ತ. ದೀಪದ ಬುಡದಲ್ಲಿ ಕತ್ತಲೆ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ.

ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ಕಬ್ಬಿಣದ ಹಳೆಯ ತೂಕದ ಯಂತ್ರವೊಂದಿತ್ತು. ಹತ್ತಿ ನಿಂತರೆ ಮುಖದ ಎತ್ತರಕ್ಕೆ ಗಡಿಯಾರದಂಥ ದುಂಡು ಗಾಜು, ಅದರೊಳಗೆ ಕೆಂಪು ಮುಳ್ಳು. ಹತ್ತಿದವರಿಗೂ ಕಾಣುತ್ತದೆ, ಸಾಲಿನಲ್ಲಿ ನಿಂತವರಿಗೂ ಕಾಣುತ್ತದೆ. ಯಂತ್ರದ ಮೇಲಿನ ಗೋಡೆಗೆ ಭಾವ ಒಂದು ಗಾದೆಯ ಬೋರ್ಡು ತೂಗುಹಾಕಿದ್ದರು: 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.' ಊಟದ ವಿಷಯದಲ್ಲಿ ಅವರಿಗೆ ಎಷ್ಟು ಗೊತ್ತಿತ್ತು ಎಂಬುದನ್ನು ಅವರ ಸೊಂಟದ ಅಳತೆ ತೆಗೆಯುವ ನಾನು ಬಲ್ಲೆ. ಮಾತಿನ ವಿಷಯ ಗೊತ್ತಾದದ್ದು ಆ ಸಂಜೆ.

ಅಕ್ಕ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸದಲ್ಲಿದ್ದಾಳೆ. ಅವತ್ತು ಕೆಲಸ ಮುಗಿಸಿ ಬರುತ್ತ, ಭಾವ ಮನೆಯಲ್ಲಿ ಮರೆತುಬಂದಿದ್ದ ಛತ್ರಿಯನ್ನು ಕೊಡಲು ಅಂಗಡಿಗೆ ಬಂದಳು. ಸಾಲು ಉದ್ದವಿತ್ತು. ಸುಮ್ಮನೆ ನಿಲ್ಲುವ ಬದಲು ಯಂತ್ರದ ಮೇಲೆ ಹತ್ತಿ ನಿಂತಳು. ಮುಳ್ಳು ಸರಸರನೆ ಓಡಿತು. ಭಾವ ಕೌಂಟರಿನ ಹಿಂದಿನಿಂದ ಕತ್ತೆತ್ತಿ, ಇಡೀ ಸಾಲಿಗೆ ಕೇಳುವ ಹಾಗೆ, "ಒಬ್ಬೊಬ್ರಾಗಿ ಹತ್ತಿ ಅಂತ ಬೋರ್ಡ್ ಹಾಕ್ಬೇಕಾಯ್ತಲ್ಲಪ್ಪ!" ಎಂದರು.

ಸಾಲು ಗೊಳ್ಳೆಂದಿತು. ಅಕ್ಕನೂ ನಕ್ಕಳು. ಅಕ್ಕ ನಕ್ಕರೆ ಬಲಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಅವತ್ತು ಬೀಳಲಿಲ್ಲ. ಛತ್ರಿಯನ್ನು ಕೌಂಟರಿನ ಮೇಲಿಟ್ಟು ಹೊರಟುಹೋದಳು.

ನಮ್ಮ ಎದುರಿಗೆ ಒಂದು ಬ್ಯೂಟಿ ಪಾರ್ಲರು. ಅದರ ಯಜಮಾನಿಯನ್ನು ಎಲ್ಲರೂ ಪಾರ್ಲರಮ್ಮ ಎನ್ನುತ್ತಾರೆ. ಆಗ ಅವಳು 'ಒಪ್ಪೊತ್ತು ಬಳಗ' ಎಂದು ಒಂದು ಗುಂಪು ಕಟ್ಟಿಕೊಂಡಿದ್ದಳು. ದಿನಕ್ಕೆ ಒಂದೇ ಊಟ, ಅದೂ ಸಂಜೆ. ಉಳಿದ ಹೊತ್ತೆಲ್ಲ ಬಿಸಿನೀರು ಮತ್ತು ಮನೋಬಲ. ಭಾವನಿಗೂ ಪಾರ್ಲರಮ್ಮನಿಗೂ ಎಣ್ಣೆ ಸೀಗೇಕಾಯಿ. "ಹಸಿವು ಮಾರಿ ಬದುಕೋಳು" ಎಂದು ಇವರು, "ಹೊಟ್ಟೆ ಹೊತ್ತು ಬುದ್ಧಿ ಹೇಳೋನು" ಎಂದು ಅವಳು.

ಅಕ್ಕ ಆ ಸಂಜೆ ಅಂಗಡಿಯ ಮೆಟ್ಟಿಲಿಳಿದು ನೇರವಾಗಿ ಹೋಗಿದ್ದು ಆ ಪಾರ್ಲರಿಗೆ. ನಮಗೆ ಇದೆಲ್ಲ ತಿಳಿದದ್ದು ಆಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಕೇಳುವಾಗ ನೀವಾದರೂ ಭಾವನ ಹಾಗೆ ಹಲ್ಲು ಕಿರಿಯಬಾರದು. ಪಾರ್ಲರಮ್ಮ ಬಳಗಕ್ಕೆ ಸೇರುವವರನ್ನೆಲ್ಲ ಕೇಳುವ ಹಾಗೆ ಅಕ್ಕನನ್ನೂ ಕೇಳಿದ್ದಳು: "ಕಾಯಿಲೆ ಗೀಯಿಲೆ ಏನಾದ್ರೂ ಇದ್ಯಾ? ಯಾರನ್ನಾದ್ರೂ ಕೇಳ್ಕೊಂಡು ಬಂದಿದ್ದೀರಾ?"

"ನಮ್ಮ ಮನೆಯವ್ರೇ ಮೆಡಿಕಲ್ ಶಾಪಿನವ್ರು" ಎಂದಿದ್ದಳು ಅಕ್ಕ.

ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ನೇನು ಬೇಕು? ಮಾರನೆಯ ದಿನದಿಂದ ಅಕ್ಕ ತಿಂಡಿ ಬಿಟ್ಟಳು, ಮಧ್ಯಾಹ್ನದ ಊಟ ಬಿಟ್ಟಳು. ಮಾತ್ರೆ ಬಿಡಲಿಲ್ಲ. ತಪ್ಪಿಸಬೇಡ ಎಂದು ಗಂಡ ಹೇಳಿದ್ದರಲ್ಲ! ಖಾಲಿ ಹೊಟ್ಟೆಗೆ ಮಾತ್ರೆ ಹಾಕಿಕೊಂಡು, ಮೇಲೆ ಬಿಸಿನೀರು ಕುಡಿದು, ಕೆಲಸಕ್ಕೆ ಹೋಗುತ್ತಿದ್ದಳು.

ಭಾವನ ಕಣ್ಣಿಗೆ ಇದು ಬೀಳಲಿಲ್ಲವೇ ಎಂದು ಕೇಳಬೇಡಿ. ಬೆಳಿಗ್ಗೆ ಮೊದಲು ತಿಂದು ಹೊರಡುತ್ತಿದ್ದವರು ಅವರು. "ನಂದು ಆಮೇಲೆ" ಎಂದರೆ ಮುಗಿಯಿತು. ಸಂಜೆ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು, ಅಕ್ಕ ಚೆನ್ನಾಗಿಯೇ ಉಣ್ಣುತ್ತಿದ್ದಳು. ಮಧ್ಯಾಹ್ನದ ಡಬ್ಬಿ ತುಂಬಿ ಹೋಗುತ್ತಿತ್ತು, ಖಾಲಿಯಾಗಿ ಬರುತ್ತಿತ್ತು. ಆ ಡಬ್ಬಿ ಗ್ರಂಥಾಲಯದ ಗೇಟಿನವನ ಹೊಟ್ಟೆ ಸೇರುತ್ತಿತ್ತು ಎಂದು ಯಾರಿಗೆ ಗೊತ್ತು? ಆ ದಿನಗಳಲ್ಲಿ ಅವನು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ನನ್ನ ಬಳಿ ಬಂದ. ಅದೇ ವಾರ ಅಕ್ಕ ತನ್ನ ಎರಡು ಕುರ್ತಾ ತಂದು ಬಿಗಿ ಮಾಡಿಕೊಡು ಎಂದಳು. ಕೊಬ್ಬು ಎಲ್ಲಿಗೂ ಹೋಗುವುದಿಲ್ಲ, ಅದೇ ಬೀದಿಯಲ್ಲಿ ಮನೆ ಬದಲಿಸುತ್ತದೆ ಎಂದು ನಾನು ನನ್ನಷ್ಟಕ್ಕೇ ನಕ್ಕೆ. ಎರಡು ಬಟ್ಟೆಗೂ ಸಂಬಂಧವಿದೆ ಎಂದು ಹೊಳೆಯಲು ನಾನೇನು ಪತ್ತೇದಾರನೇ?

ಆದರೆ ಟೇಪು ಹಿಡಿದಾಗ ಅಕ್ಕನ ಸೊಂಟ ಎರಡು ಇಂಚು ಇಳಿದಿತ್ತು. ಕೈ ತಣ್ಣಗಿತ್ತು, ಬೆವರಿತ್ತು. ಆ ಮಧ್ಯಾಹ್ನವೇ ಪಕ್ಕದ ಅಂಗಡಿಗೆ ಹೋದೆ.

"ಭಾವ, ಅಕ್ಕ ತುಂಬಾ ಸೊರಗಿದ್ದಾಳೆ. ಸೊಂಟ ಎರಡಿಂಚು ಇಳಿದಿದೆ. ಸ್ವಲ್ಪ ನೋಡಿ."

ಭಾವನ ಮುಖ ಅರಳಿತು. "ಇಳಿದಿದ್ಯಾ? ನೋಡ್ದ್ಯೇನೋ! ಅವತ್ತು ತಮಾಷೆಗೆ ಒಂದು ಮಾತು ಅಂದೆ, ಮನಸ್ಸಿಗೆ ತಗೊಂಡಿದ್ದಾಳೆ. ಸಾಯಂಕಾಲ ನಡೆದುಕೊಂಡೇ ಬರ್ತಾಳಂತೆ. ವಾರಕ್ಕೆ ಅರ್ಧ ಕಿಲೋ, ನಿಯತ್ತಾಗಿ!"

"ಅರ್ಧ ಕಿಲೋ ಥರ ಕಾಣ್ಸಲ್ಲ ಭಾವ. ಕೈ ತಣ್ಣಗಿತ್ತು."

"ನಿನ್ನ ಟೇಪು ಇಂಚು ಹೇಳತ್ತೆ ಕಣೋ, ಕಿಲೋ ಹೇಳಲ್ಲ. ನಿನ್ನ ಕೆಲಸ ನೀನು ನೋಡು" ಎಂದು ನನ್ನನ್ನು ಕಳಿಸಿದರು. ಆಮೇಲೆ ಬಂದ ಗಿರಾಕಿಗೆ, "ನಮ್ಮ ಮನೇಲೇ ನೋಡಿ..." ಎಂದು ಶುರು ಮಾಡಿದ್ದು ಹಲಗೆಯ ಗೋಡೆಯಾಚೆಯಿಂದ ನನಗೆ ಕೇಳಿಸಿತು. ನನಗೆ ಮೈ ಉರಿಯಿತು, ಅಕ್ಕನನ್ನು ಕರೆದು ಕೇಳಿದೆ. "ನಿಮ್ಮ ಭಾವ ಇದಾರಲ್ಲ ನೋಡ್ಕೊಳಕ್ಕೆ, ನೀನು ಹೊಲಿ" ಎಂದಳು. ಗಂಡ ಹೆಂಡತಿ ಇಬ್ಬರೂ ಸೇರಿ ನನ್ನನ್ನು ಹೊಲಿಗೆ ಯಂತ್ರಕ್ಕೆ ಕಟ್ಟಿಹಾಕಿದರು.

ಆಗಲೇ ಬೀದಿಯ ವರ್ತಕರ ಸಂಘದವರಿಗೆ ಬುದ್ಧಿ ಬಂದದ್ದು. ಪಥ್ಯದ ಹುಚ್ಚು ಹೆಚ್ಚಾಗಿದೆ, ಜನಕ್ಕೆ ಸರಿಯಾದ ತಿಳಿವಳಿಕೆ ಕೊಡಬೇಕು ಎಂದು ಗ್ರಂಥಾಲಯದ ಓದುವ ಕೋಣೆಯಲ್ಲಿ ಒಂದು ಉಪನ್ಯಾಸ ಇಟ್ಟರು. ಉಪನ್ಯಾಸಕರು ಯಾರು? ಅರ್ಧ ಕಿಲೋ.

ಭಾವ ಅದಕ್ಕಾಗಿ ಹೊಸ ಕೋಟು ಹೊಲಿಸಿದರು. ಅಳತೆ ತೆಗೆಯುವಾಗ ಉಸಿರು ಬಿಗಿಹಿಡಿದರು. ನಾನು ಟೇಪು ಹಿಡಿದುಕೊಂಡು ಅವರು ಉಸಿರು ಬಿಡುವ ತನಕ ಕಾದೆ. ಕನ್ನಡಿಯ ಮುಂದೆ ನಿಂತು, "ಹೇಗಿದೆ?" ಎಂದರು. "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನೋ ಹಾಗಿದೆ" ಎಂದೆ. ಎರಡು ದಿನ ಮಾತು ಬಿಟ್ಟರು.

ಉಪನ್ಯಾಸದ ಬೆಳಿಗ್ಗೆ ಓದುವ ಕೋಣೆ ತುಂಬಿತ್ತು. ಪಾರ್ಲರಮ್ಮ ತನ್ನ ಬಳಗದೊಂದಿಗೆ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು. ಅಕ್ಕ ಬೆಳಗಿನಿಂದ ಕುರ್ಚಿ ಜೋಡಿಸಿ, ನೀರಿಟ್ಟು, ಬಾಗಿಲಲ್ಲಿ ನಿಂತು ಜನರನ್ನು ಕೂರಿಸುತ್ತಿದ್ದಳು. ಭಾವನ ಮುಂದಿನ ಮೇಜಿನ ಮೇಲೆ ಒಂದು ಬಾಟಲಿ ಕಿತ್ತಳೆ ಬಣ್ಣದ ಪಾನೀಯ, ಅದರ ಪಕ್ಕ ಕಾಗದದ ಮೇಲೆ ಒಂದು ಗುಡ್ಡೆ ಸಕ್ಕರೆ. ಆ ಬಾಟಲಿಯಲ್ಲಿ ಕರಗಿರುವ ಸಕ್ಕರೆಯೆಲ್ಲ ಇಷ್ಟು ಎಂದು ತೋರಿಸಲು.

ಭಾವ ಚೆನ್ನಾಗಿ ಮಾತಾಡಿದರು, ಅದನ್ನು ಒಪ್ಪಲೇಬೇಕು. "ಬೇಗ ಬಂದಿದ್ದು ಬೇಗ ಹೋಗತ್ತೆ, ಬೇಗ ಹೋಗಿದ್ದು ಬೇಗ ವಾಪಸು ಬರತ್ತೆ. ಒಂದು ವಾರಕ್ಕೆ ಐದು ಕಿಲೋ ಇಳಿಸ್ತೀನಿ ಅನ್ನೋ ಪುಡಿ ಕಂಡ್ರೆ ದೂರ ಇರಿ. ಎಲ್ಲಾ ಬಿಟ್ಟು ಒಂದೇ ತಿನ್ನಿ ಅನ್ನೋರು ಕಂಡ್ರೆ ಇನ್ನೂ ದೂರ ಇರಿ. ತಟ್ಟೇಲಿ ಅರ್ಧ ತರಕಾರಿ ಇರ್ಲಿ. ದಿನಾ ಅರ್ಧ ಗಂಟೆ ನಡೀರಿ. ನಿದ್ದೆ ಮಾಡಿ. ಹೊತ್ತಿಗೆ ಸರಿಯಾಗಿ ತಿನ್ನಿ. ಬಿಪಿಗೆ, ಶುಗರ್‌ಗೆ ಮಾತ್ರೆ ತಗೊಳೋರು ಡಾಕ್ಟ್ರನ್ನ ಕೇಳದೆ ಒಂದು ಹೊತ್ತೂ ಊಟ ಬಿಡಬೇಡಿ." ಆಮೇಲೆ ಬಾಟಲಿಯನ್ನು ಎತ್ತಿ ಹಿಡಿದು, ಅದಕ್ಕೆ ಹೆತ್ತ ಮಗನಿಗೆ ಬೈದ ಹಾಗೆ ಬೈದರು. ಇದು ವಿಷ, ಇದು ಶತ್ರು, ಇದು ನನ್ನ ಮನೆಯ ಹೊಸ್ತಿಲು ದಾಟಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಚಪ್ಪಾಳೆ ಬಿತ್ತಲ್ಲ! ಭಾವ ಹಿಂದಿನ ಸಾಲಿನತ್ತ ಒಮ್ಮೆ ನೋಡಿ, ಎದೆ ಮುಂದೆ ಮಾಡಿದರು.

"ನಿಧಾನವಾಗಿ ಇಳಿಸೋಕಾಗಲ್ಲ ಅಂತಾರೆ ಕೆಲವ್ರು. ಆಗತ್ತೆ! ನನ್ನ ಹೆಂಡ್ತೀನೇ ನೋಡಿ. ಬಾರೇ, ಇಲ್ಲಿ ಬಾ. ಎರಡು ಮಾತು ಹೇಳು."

ಅಕ್ಕ ಬಂದಳು. ನಾನು ಎರಡನೆಯ ಸಾಲಿನಲ್ಲಿದ್ದೆ. ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ಮೇಜಿನ ಅಂಚು ಹಿಡಿದ ಕೈ ನಡುಗುತ್ತಿತ್ತು. ಜನರನ್ನು ನೋಡಿದಳು. ಯಾರನ್ನೂ ನೋಡುತ್ತಿರಲಿಲ್ಲ.

"ಪುಸ್ತಕ ವಾಪಸು ಕೊಡೋಕೆ..." ಎಂದಳು. ನಿಂತಳು. "ವಾಪಸು ಕೊಡೋಕೆ ಇವತ್ತೇ ಕೊನೇ ದಿನ. ಎಲ್ಲರೂ... ಕೊಟ್ಬಿಡಿ."

ಜನ ನಕ್ಕರು. ಒಳ್ಳೆ ತಮಾಷೆ ಮಾಡುತ್ತಾಳೆ ಎಂದುಕೊಂಡರು. ಭಾವನೂ ನಕ್ಕು, "ವೇದಿಕೆ ಭಯ!" ಎಂದು ಸಮಜಾಯಿಷಿ ಕೊಟ್ಟರು. ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ಪಾರ್ಲರಮ್ಮ ಎದ್ದು ನಿಂತಿದ್ದಳು.

"ನಗ್ತಿದ್ದೀರಲ್ರೀ! ಭಯ ಅಲ್ಲ ಅದು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವ್ರು. ನಮ್ಮ ಬಳಗದಲ್ಲಿದ್ದಾರೆ. ತಿಂಡೀನೂ ತಿನ್ನಲ್ಲ, ಮಧ್ಯಾಹ್ನಾನೂ ತಿನ್ನಲ್ಲ. ನಿಮಗೆ ಗೊತ್ತಿಲ್ವಾ?"

ಓದುವ ಕೋಣೆಯಲ್ಲಿ ಗೋಡೆಗೆ 'ನಿಶ್ಶಬ್ದ' ಎಂದು ಬೋರ್ಡಿದೆ. ಅದನ್ನು ಜನ ಪಾಲಿಸಿದ್ದು ಅವತ್ತೊಂದೇ ದಿನ.

ಭಾವ ಅಕ್ಕನ ತೋಳು ಹಿಡಿದು, ಪಿಸುದನಿಯಲ್ಲಿ ಕೇಳಿದರು: "ಮಾತ್ರೆ? ಬೆಳಿಗ್ಗೆ ಮಾತ್ರೆ ತಗೊಂಡ್ಯಾ?"

ಅಕ್ಕನಿಗೆ ಆ ಪ್ರಶ್ನೆ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಶಾಲೆಯಲ್ಲಿ ಸರಿಯುತ್ತರ ಗೊತ್ತಿದ್ದ ಹುಡುಗಿಯ ಹಾಗೆ ಕತ್ತು ಎತ್ತಿ, "ತಪ್ಪಿಸಿಲ್ಲ ರೀ" ಎಂದಳು. "ಒಂದು ದಿನಾನೂ ತಪ್ಪಿಸಿಲ್ಲ."

ಹಾಗೆಂದವಳ ಮೊಣಕಾಲು ಮಡಚಿತು. ನಾನು ಹಾರಿ ಹಿಡಿದೆ, ಇಬ್ಬರೂ ನೆಲಕ್ಕೆ ಕೂತೆವು.

ಭಾವ ಒಂದು ಕ್ಷಣ ಸುತ್ತ ನೋಡಿದರು. ಅಂಗಡಿಯಲ್ಲಿ ಗ್ಲೂಕೋಸಿನ ಡಬ್ಬಿಗಳಿದ್ದವು, ಆದರೆ ಅಂಗಡಿ ಎರಡು ಬೀದಿ ಆಚೆಗಿತ್ತು. ಮೇಜಿನ ಮೇಲೆ ಇದ್ದದ್ದು ಶತ್ರು. ಭಾವ ಬಾಟಲಿಯನ್ನು ಕಿತ್ತುಕೊಂಡರು. ಮುಚ್ಚಳ ತಿರುಗಿಸಲು ಹೋದರೆ ಕೈ ಜಾರುತ್ತದೆ, ಮತ್ತೆ ಹಿಡಿದರೆ ಮತ್ತೆ ಜಾರುತ್ತದೆ. ನಿತ್ಯ ಸಾವಿರ ಮುಚ್ಚಳ ತೆಗೆಯುವ ಕೈ ಅದು. ಕೊನೆಗೆ ಪಾರ್ಲರಮ್ಮ ಓಡಿಬಂದು ಬಾಟಲಿ ಕಸಿದು ತೆರೆದಳು.

"ನುಂಗೋಕಾಗತ್ತಾ? ನನ್ನ ನೋಡು. ನುಂಗು" ಎಂದರು ಭಾವ. ಅಕ್ಕ ತಲೆಯಾಡಿಸಿದಳು. ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯ ಹಿಂದೆ ಯಾವುದಕ್ಕೆ ವಿಷ ಎಂದು ಬೈದಿದ್ದರೋ ಅದನ್ನು, "ಇನ್ನೊಂದು ಗುಟುಕು, ಇನ್ನೊಂದೇ ಗುಟುಕು" ಎಂದು ಬೇಡಿಕೊಂಡು ಕುಡಿಸಿದರು. ಗೋಳಾಡಬೇಡಿ ಎಂದು ಊರಿಗೆಲ್ಲ ಹೇಳುವ ಮನುಷ್ಯ, ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಅಕ್ಕ ಸತ್ತುಹೋಗುತ್ತಾಳೆ ಎಂದೇ ನನಗೆ ಅನ್ನಿಸಿಬಿಟ್ಟಿತ್ತು.

ಸ್ವಲ್ಪ ಹೊತ್ತಿನಲ್ಲಿ ಅಕ್ಕನ ನೋಟ ಸರಿಹೋಯಿತು. ಸುತ್ತ ನೋಡಿ, ಮೊದಲು ಕೇಳಿದ್ದು, "ಕುರ್ಚಿ ಸಾಕಾಯ್ತಾ?" ಎಂದು. ಗೇಟಿನವನು ಓಡಿಹೋಗಿ ಅವಳದೇ ಡಬ್ಬಿ ತಂದು ಮುಂದಿಟ್ಟ. ಆ ಡಬ್ಬಿಯ ಊಟವನ್ನು ಅಕ್ಕ ತಿಂದದ್ದು ಎಷ್ಟೋ ವಾರಗಳ ಮೇಲೆ.

ಆ ಮಾತ್ರೆಯ ಜಾತಿ ಅಷ್ಟಕ್ಕೆ ಬಿಡುವಂಥದ್ದಲ್ಲ, ಇಳಿದ ಸಕ್ಕರೆ ಮತ್ತೆ ಇಳಿಯಬಹುದು ಎಂದು ಭಾವನೇ ಹೇಳಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಡಾಕ್ಟರು ಒಂದು ದಿನ ಇರಿಸಿಕೊಂಡರು. ವಯಸ್ಸಾದ ಡಾಕ್ಟರು, ಮಾತು ಕಡಿಮೆ. ಎಲ್ಲ ಬರೆದುಕೊಂಡು, "ಮಾತ್ರೆ ತಿಂಡಿ ಜೊತೆ ತಗೋಬೇಕು ಅಂತ ನಿಮ್ಮ ಮೆಡಿಕಲ್ ಶಾಪಿನವ್ರು ಹೇಳ್ಲಿಲ್ವಾ?" ಎಂದು ಕೇಳಿದರು. ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ಮೆಡಿಕಲ್ ಶಾಪಿನವರು ಇಂಗು ತಿಂದ ಮಂಗನ ಹಾಗೆ ಡಾಕ್ಟರ ಪೆನ್ನನ್ನೇ ನೋಡುತ್ತಿದ್ದರು.

ಡಾಕ್ಟರು ಹೋದ ಮೇಲೆ ಭಾವ ಸ್ಟೂಲು ಎಳೆದುಕೊಂಡು ಕೂತರು. ಇಲ್ಲಿ ಹೊಟ್ಟೆ ಮರೆಮಾಡಲು ಕೌಂಟರು ಇರಲಿಲ್ಲ.

"ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದರು. "ದಿನಾ ನೂರು ಜನಕ್ಕೆ ಹೇಳ್ತೀನಿ."

"ನೂರು ಜನಕ್ಕೆ ಹೇಳ್ತೀರಿ" ಎಂದಳು ಅಕ್ಕ. "ವಾರಕ್ಕೆ ಅರ್ಧ ಕಿಲೋ ಅಂತೀರಿ. ನಂದು ವಾರಕ್ಕೆ ಎರಡು ಇಳೀತು. ನಿಮ್ಮ ಎದುರಿಗೇ ಓಡಾಡ್ತಿದ್ದೆ, ಎದುರಿಗೇ ಕೂತು ಊಟ ಮಾಡ್ತಿದ್ದೆ. ನೋಡಿದ್ದು ಇವ್ನು, ಅದೂ ಟೇಪು ಹಿಡ್ಕೊಂಡು. ನೀವು ನನ್ನ ನೋಡಿದ್ದು ಆ ಮಿಷಿನ್ ಮೇಲೆ ಹತ್ತಿದಾಗ. ಅವತ್ತೊಂದ್ಸಲ."

ಅಕ್ಕ ಗೋಡೆಯ ಕಡೆ ಮಗ್ಗುಲಾದಳು. ನನಗೆ ಅಕ್ಕನ ಮೇಲೂ ಸಿಟ್ಟು ಬಂತು, ಭಾವನ ಮೇಲೂ ಬಂತು. ಇಬ್ಬರನ್ನೂ ಬಿಟ್ಟು ಹೊರಗೆ ಬಂದು ವರಾಂಡದ ಬೆಂಚಿನಲ್ಲಿ ಕೂತೆ. ಪಾರ್ಲರಮ್ಮ ಅಲ್ಲಿ ಮೊದಲೇ ಕೂತಿದ್ದಳು. "ಗಂಡ ಮೆಡಿಕಲ್ ಶಾಪಿನವ್ರು ಅಂದ್ರಲ್ಲ, ಅದಕ್ಕೆ ಮುಂದೆ ಕೇಳ್ಲಿಲ್ಲ" ಎಂದಳು, ನಾನು ಕೇಳದಿದ್ದರೂ. ಒಪ್ಪೊತ್ತು ಬಳಗ ಆಮೇಲೆ ಹೆಚ್ಚು ದಿನ ನಡೆಯಲಿಲ್ಲ. ಅದರಲ್ಲಿ ನಾಲ್ಕು ಜನ ನನ್ನ ಬಳಿ ಬಟ್ಟೆ ಸಡಿಲ ಮಾಡಿಸಿಕೊಂಡು ಹೋದರು.

ಡಾಕ್ಟರು ಅಕ್ಕನ ಮಾತ್ರೆ ಬದಲಿಸಿದ್ದರು. ಮನೆಗೆ ಬಂದ ಮರುದಿನ ಭಾವ ಹೊಸ ಮಾತ್ರೆಯನ್ನು ಎಂದಿನಂತೆ ಜೇಬಿಗೆ ಹಾಕಿಕೊಂಡು ಅಂಗಡಿಯಿಂದ ಹೊರಟಿದ್ದರಂತೆ, ಬಾಗಿಲವರೆಗೆ ಬಂದು ನಿಂತರಂತೆ, ವಾಪಸು ಕಪಾಟಿಗಿಟ್ಟರಂತೆ. ಮನೆಗೆ ಬರಿಗೈಯಲ್ಲಿ ಹೋಗಿ, "ಮಾತ್ರೆ ಅಂಗಡೀಲಿದೆ" ಎಂದರಂತೆ.

"ಹಾಗಾದ್ರೆ ಅಂಗಡಿಗೇ ಬರ್ತೀನಿ" ಎಂದಳು ಅಕ್ಕ.

ಬಂದಳು. ಮರುದಿನ ಬೆಳಿಗ್ಗೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ, ಎಲ್ಲರ ಹಿಂದೆ ಸಾಲಿನಲ್ಲಿ ನಿಂತಳು. ಮುಂದಿದ್ದವರು ದಾರಿ ಬಿಡಲು ಹೋದರೆ ಬೇಡವೆಂದಳು. ನಾನು ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದು ನಿಂತೆ. ಅವಳ ಸರದಿ ಬಂದಾಗ ಕೌಂಟರಿನ ಮೇಲೆ ಡಾಕ್ಟರ ಚೀಟಿ ಇಟ್ಟಳು.

ಭಾವ ಚೀಟಿ ನೋಡಿದರು, ಮಾತ್ರೆ ತೆಗೆದರು. "ಇದು ಬೆಳಿಗ್ಗೆ..." ಎಂದು ಶುರು ಮಾಡಿ, ಸಾಲನ್ನೊಮ್ಮೆ ನೋಡಿ, "ಮನೇಲಿ ಹೇಳ್ತೀನಿ ಬಾ" ಎಂದರು.

"ಮನೇಲಿ ಹೇಳ್ದಂಗಲ್ಲ. ಇವ್ರಿಗೆಲ್ಲ ಹೇಳ್ತೀರಲ್ಲ, ಹಂಗೆ ಹೇಳಿ."

ಭಾವ ಲಕೋಟೆ ತೆಗೆದು, ದಪ್ಪ ಪೆನ್ನಿನಲ್ಲಿ ಬರೆದು, ಅವಳ ಕಡೆ ತಿರುಗಿಸಿ ಇಟ್ಟರು. ಮದುವೆಯಾದಂದಿನಿಂದ ಅಕ್ಕನನ್ನು 'ನೀನು', 'ಬಾರೇ', 'ಹೋಗೇ' ಎನ್ನುತ್ತಿದ್ದ ಮನುಷ್ಯ ಗಂಟಲು ಸರಿಮಾಡಿಕೊಂಡು, "ಇದನ್ನ ನೀವು ತಿಂಡಿ ತಿಂದ ಮೇಲೆ ತಗೋಬೇಕು" ಎಂದರು. "ತಿಂಡಿ ತಿನ್ನದೆ ತಗೋಬೇಡಿ. ತಿಂಡಿ ಬಿಡ್ಲೂಬೇಡಿ. ಈಗ ನೀವು ಹೇಳಿ ನೋಡೋಣ?"

"ತಿಂಡಿ ತಿಂದ ಮೇಲೆ" ಎಂದಳು ಅಕ್ಕ. "ತಿಂಡಿ ಬಿಡಬಾರ್ದು."

"ಇವತ್ತು ತಿಂಡಿ ತಿಂದ್ರಾ?"

"ತಿಂದೆ."

ಲಕೋಟೆ ಕೊಡಲೆಂದು ಭಾವ ಎದ್ದು ನಿಂತರು. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಅವರು ಹಾಗೆ ಪೂರ್ತಿ ಎದ್ದು ನಿಂತದ್ದನ್ನು ಬಹಳ ಜನ ನೋಡಿದ್ದು ಅದೇ ಮೊದಲು. ಅಕ್ಕ ಲಕೋಟೆ ತೆಗೆದುಕೊಂಡು, ಅವರ ಕೋಟಿನ ಬಿರಿಯುತ್ತಿದ್ದ ಗುಂಡಿಯನ್ನು ನೋಡಿ, "ನೀವೂ ಬನ್ನಿ ಈ ಕಡೆ" ಎಂದಳು. ಬೆರಳು ತೋರಿಸಿದ್ದು ಯಂತ್ರದ ಕಡೆಗೆ.

ಸಾಲಿನಲ್ಲಿ ಮಿಸುಕಾಟವಾಯಿತು. ಆ ಸಂಜೆ ನಕ್ಕವರಲ್ಲಿ ನಾಲ್ಕೈದು ಜನ ಅಲ್ಲೇ ಇದ್ದರು. ಈಗ ಬಡ್ಡಿ ಸಮೇತ ವಾಪಸು ಬರುತ್ತದೆ ಎಂದು ಕತ್ತು ಉದ್ದ ಮಾಡಿ ಕಾದರು. ಅಕ್ಕನ ನಾಲಿಗೆಯೇನೂ ಮೊಂಡಲ್ಲ, ನಾನು ಬಲ್ಲೆ. ಭಾವನಿಗೂ ಗೊತ್ತಿತ್ತು. ಆದರೂ ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದರು, ನೇಣಿಗೆ ಹೋಗುವವನ ಹಾಗೆ ಮೆಟ್ಟಿಲ ಪಕ್ಕ ನಡೆದರು, ಹತ್ತಿ ನಿಂತರು. ಕಬ್ಬಿಣ ಕಿರುಗುಟ್ಟಿತು. ಮುಳ್ಳು ಓಡತೊಡಗಿತು. ಭಾವ ಕಣ್ಣು ಮುಚ್ಚಿಕೊಂಡರು.

ಮುಳ್ಳು ನಿಲ್ಲುವ ಮೊದಲೇ ಅಕ್ಕ ಮುಂದೆ ಬಂದು, ಗಾಜಿನ ಮೇಲೆ ಅಂಗೈ ಅಗಲಿಸಿ ಇಟ್ಟಳು. ಸಾಲಿಗೆ ಏನೂ ಕಾಣಿಸಲಿಲ್ಲ. ಅವಳೊಬ್ಬಳೇ ಬೆರಳ ಸಂದಿಯಿಂದ ನೋಡಿದಳು.

"ವಾರಕ್ಕೆ ಅರ್ಧ ಕಿಲೋ" ಎಂದಳು. "ಮುಂದಿನ ವಾರ ಬರ್ತೀನಿ, ನೋಡ್ತೀನಿ."

ಭಾವ ಕಣ್ಣು ಬಿಟ್ಟರು. ಗಾಜು ಪೂರ್ತಿ ಅಕ್ಕನ ಕೈಯಡಿ ಇತ್ತು. ಅವಳ ಬಲಗೆನ್ನೆಯಲ್ಲಿ ಗುಳಿ ಬಿದ್ದಿತ್ತು.